ಒಂದು ಕ್ವಿಂಟಲ್ ಜೋಳ ಟ್ರಾಲಿಯಲ್ಲಿ ಹಿಡಿಸುವುದಿಲ್ಲ: ಅಡುಗೆಮನೆ ಜೋಡಣೆ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ತೊಗರಿ ಮುಗಿದು, ಬಿಳಿಜೋಳದ ರಾಶಿಯೂ ಆಗಿ, ವರ್ಷದ ಕಾಳುಕಡಿ ಮನೆ ಸೇರುವ ಕಾಲ ಇದು. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದಲೇ ಜಾಸ್ತಿ ಪ್ರಶ್ನೆ ಬಂದಿವೆ. ಕೆಲವನ್ನು ಆರಿಸಿಕೊಂಡು, ಸ್ವಲ್ಪ ಚಿಕ್ಕದು ಮಾಡಿ, ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಶರಣ್ರಿ ಮೇಡಂ. ಕಲಬುರಗಿಯಲ್ಲಿ ಹೊಸ ಫ್ಲ್ಯಾಟಿಗೆ ಬಂದಿದ್ದೇವೆ. ಮಾಡ್ಯುಲರ್ ಕಿಚನ್ ಮಾಡಿಸಿದ್ದೇವೆ, ಕಟ್ಟೆ ಕೆಳಗೆಲ್ಲಾ ಎಳೆಯುವ ಬುಟ್ಟಿಯ ಟ್ರಾಲಿ. ಊರಿಂದ ಅತ್ತೆಯವರು ಒಂದು ಕ್ವಿಂಟಲ್ ಜೋಳ, ಇಪ್ಪತ್ತು ಕೆಜಿ ತೊಗರಿ ಬೇಳೆ ಕಳಿಸಿದ್ದಾರೆ. ಚೀಲ ಹಾಲ್‌ನಲ್ಲೇ ಕೂತಿವೆ. ಟ್ರಾಲಿಯಲ್ಲಿ ಹೇಗೆ ಹಿಡಿಸಲಿ?

ಹಿಡಿಸಬೇಡಿ. ನಿಮ್ಮ ಟ್ರಾಲಿ ಅದಕ್ಕೆ ಮಾಡಿದ್ದೇ ಅಲ್ಲ. ತಿಂಗಳಿಗೊಮ್ಮೆ ಅಂಗಡಿಗೆ ಹೋಗಿ ಕೆಜಿ ಪ್ಯಾಕೆಟ್ ತರುವವರ ಮನೆ ಲೆಕ್ಕದಲ್ಲಿ ಈ ಡಿಸೈನ್‌ಗಳು ಆಗಿರುತ್ತವೆ. ನಮ್ಮ ಕಡೆ ಮನೆಗಳಲ್ಲಿ ಜೋಳ, ಬೇಳೆ, ಖಾರ, ಶಾವಿಗೆ, ಸಂಡಿಗೆ ಎಲ್ಲಾ ವರ್ಷಕ್ಕೊಮ್ಮೆ ಬರುತ್ತವೆ. ಹಾಗಾಗಿ ಅಡುಗೆಮನೆ ಜೋಡಿಸುವಾಗ ಮೊದಲು ಇದೊಂದನ್ನು ತೀರ್ಮಾನ ಮಾಡಿಕೊಳ್ಳಿ: ವರ್ಷದ ದಾಸ್ತಾನು ಬೇರೆ, ದಿನದ ಡಬ್ಬಿ ಬೇರೆ. ಎರಡನ್ನೂ ಒಂದೇ ಕಪಾಟಿನಲ್ಲಿ ತುರುಕಲು ಹೋದಾಗಲೇ ಗೋಳು ಶುರುವಾಗುವುದು.

ಲೆಕ್ಕ ನೋಡಿ. ಒಂದು ಕ್ವಿಂಟಲ್ ಜೋಳಕ್ಕೆ ಸುಮಾರು 140 ಲೀಟರ್ ಜಾಗ ಬೇಕು. ಇಪ್ಪತ್ತು ಕೆಜಿ ಬೇಳೆಗೆ 25 ಲೀಟರ್. ಟ್ರಾಲಿಗೆ ಹಾಕುವ ಸಾಮಾನ್ಯ ಚಾನೆಲ್ (ಬುಟ್ಟಿ ಜಾರುವ ಪಟ್ಟಿ) ಜೋಡಿ 35ರಿಂದ 45 ಕೆಜಿ ತಾಳುತ್ತದೆ, ಅದರಲ್ಲಿ ಬುಟ್ಟಿಯ ತೂಕವೂ ಸೇರಿತು. ಅದರ ಮೇಲೆ ಹೇರಿದರೆ ಮೊದಲು ಎಳೆಯುವಾಗ ಕಿರ್ ಅನ್ನುತ್ತದೆ, ಆಮೇಲೆ ಒಂದು ಕಡೆ ಜಗ್ಗುತ್ತದೆ, ಕೊನೆಗೆ ಸ್ಕ್ರೂ ಕಿತ್ತು ಬರುತ್ತದೆ. ಮೇಲಿನ ಕಪಾಟಿಗೂ ಭಾರದ ಡಬ್ಬ ಏರಿಸಬೇಡಿ. ಮೂರು ಅಡಿ ಉದ್ದದ ಪ್ಲೈವುಡ್ ಹಲಗೆ ನಡುವೆ ಆಸರೆ ಇಲ್ಲದೆ ಇದ್ದರೆ ಭಾರಕ್ಕೆ ಬಾಗಿಯೇ ಬಾಗುತ್ತದೆ.

75 ಲೀಟರಿನ ಮುಚ್ಚಳ ಇರುವ ಎರಡು ಡ್ರಮ್ ತನ್ನಿ. ಸ್ಟೀಲ್ ಆದರೆ ಒಳ್ಳೆಯದು, ಇಲ್ಲ ಅಂದರೆ ಆಹಾರಕ್ಕೆ ಅಂತಲೇ ಬರುವ ದಪ್ಪ ಪ್ಲಾಸ್ಟಿಕ್ ಸಾಕು. ಬಣ್ಣದ ಡಬ್ಬ, ಔಷಧದ ಕ್ಯಾನ್ ತೊಳೆದು ಬಳಸುವುದು ಬೇಡವೇ ಬೇಡ. ಡ್ರಮ್ ಅಡುಗೆಮನೆಯಲ್ಲೇ ಇರಬೇಕು ಅಂತ ಏನಿಲ್ಲ. ಬೆಡ್‌ರೂಮಿನ ಮೂಲೆ ಆದೀತು, ಮಂಚದ ತಲೆಯ ಹಿಂದೆ ಆದೀತು. ನೆಲದಿಂದ ನಾಲ್ಕು ಇಂಚು ಎತ್ತರದ ಕಟ್ಟಿಗೆ ಸ್ಟ್ಯಾಂಡ್ ಮೇಲಿಡಿ, ಗೋಡೆಗೆ ತಾಗಿಸಬೇಡಿ. ಬಾತ್‌ರೂಮಿಗೆ ಅಂಟಿದ ಗೋಡೆ ಬೇಡ, ಪಡುವಣ ಬಿಸಿಲು ಹೊಡೆಯುವ ಗೋಡೆಯೂ ಬೇಡ. ಬಟ್ಟೆ ಒಗೆಯುವ ಯುಟಿಲಿಟಿ ಕಡೆ ಖಾಲಿ ಜಾಗ ಇದೆ ಅಂತ ಅಲ್ಲಿ ಇಡಬೇಡಿ, ತೇವ ತಪ್ಪಿದ್ದಲ್ಲ.

ಬೇಳೆಗೆ ಮನೆಯಲ್ಲಿ ತಂಪಾಗಿರುವ ಜಾಗ ಹುಡುಕಿ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕಿದೆ, ರುಚಿಯೂ ಹಾಗೇ ಇದೆ. ಆದರೆ ಬೇಳೆಯನ್ನು ಸೆಕೆ ಮತ್ತು ತೇವ ಎರಡೂ ಇರುವ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೇಗ ಬೇಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಂಗಡಿಯವರನ್ನೋ, ಬೋರ್ ನೀರನ್ನೋ ಬೈಯುತ್ತಾರೆ. ನೀರಿನ ಪಾಲೂ ಇರುತ್ತದೆ, ಇಲ್ಲ ಅನ್ನುವುದಿಲ್ಲ, ಆದರೆ ಬೇಳೆ ಇಟ್ಟ ಜಾಗವನ್ನು ಯಾರೂ ನೋಡುವುದಿಲ್ಲ.

ಇನ್ನು ದಿನದ ಡಬ್ಬಿ. ಬೇಳೆಗೆ ಮೂರು ಕೆಜಿ ಡಬ್ಬಿ, ಹಿಟ್ಟಿಗೆ ಹತ್ತು ಲೀಟರ್ ಡಬ್ಬಿ ಸಾಕು. ಜೋಳದ ಹಿಟ್ಟು ಒಂದೇ ಸಲ ತಿಂಗಳಿಗಾಗುವಷ್ಟು ಬೀಸಿಸಬೇಡಿ. ಜೋಳದ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇದೆ, ಬೀಸಿದ ಮೇಲೆ ಅದು ಗಾಳಿಗೆ ಸಿಕ್ಕು ಹಿಟ್ಟು ಕಮಟಾಗುತ್ತದೆ, ಏಪ್ರಿಲ್-ಮೇ ಸೆಕೆಯಲ್ಲಂತೂ ಇನ್ನೂ ಬೇಗ. ಹಳೇ ಹಿಟ್ಟಿಗೆ ಜಿಗುಟೂ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಐದಾರು ಕೆಜಿ ಬೀಸಿಸಿ, ಎರಡು ವಾರದಲ್ಲಿ ಮುಗಿಸಿ. ಗಿರಣಿಯಿಂದ ಬಂದ ಹಿಟ್ಟು ಕೈಗೆ ಬಿಸಿ ಬಿಸಿ ಹತ್ತುತ್ತದೆ ಅಲ್ವಾ, ಅದನ್ನು ಹಾಗೇ ಡಬ್ಬಿಗೆ ಸುರಿದು ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂರುತ್ತದೆ, ಅದು ಹಿಟ್ಟಿಗೇ ಇಳಿದು ಗಂಟು ಕಟ್ಟುತ್ತದೆ. ಒಂದು ಹಳೇ ಧೋತರದ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ತುಂಬಿ. ಹಳೇ ಹಿಟ್ಟಿನ ಮೇಲೆ ಹೊಸದು ಸುರಿಯಬೇಡಿ. ಡಬ್ಬಿ ಖಾಲಿ ಮಾಡಿ, ಒರೆಸಿ, ಆಮೇಲೆ ತುಂಬಿ.

ಟ್ರಾಲಿಗಳಿಗೆ ಕೆಲಸ ಏನು ಅಂತ ಕೇಳಬಹುದು. ರೊಟ್ಟಿ ಬಡಿಯುವ ಜಾಗದ ಕೆಳಗಿನ ಒಂದು ಟ್ರಾಲಿಯನ್ನು ರೊಟ್ಟಿಗೇ ಬಿಟ್ಟುಕೊಡಿ. ಹಿಟ್ಟಿನ ಡಬ್ಬಿ, ಪರಾತ, ಹಂಚು, ನೀರು ಹಚ್ಚುವ ಬಟ್ಟೆ, ರೊಟ್ಟಿ ಸುತ್ತುವ ಬಟ್ಟೆ, ಎಲ್ಲಾ ಅಲ್ಲೇ. ನಮ್ಮ ಮನೆಗಳಲ್ಲಿ ದಿನಾ ನಡೆಯುವ ದೊಡ್ಡ ಕೆಲಸ ಇದೇ. ಆದರೂ ಬಹಳ ಕಡೆ ಹಿಟ್ಟು ಒಂದು ಮೂಲೆ, ಪರಾತ ಸಿಂಕಿನ ಕೆಳಗೆ, ಹಂಚು ಮೇಲಿನ ಕಪಾಟು. ಹಿಟ್ಟಿನ ಕೈಯಲ್ಲಿ ಆರು ಬಾಗಿಲು ತೆಗೆಯಬೇಕು. ಕಟ್ಟೆ ಇನ್ನೂ ಆಗದೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ರೊಟ್ಟಿ ಬಡಿಯುವ ಭಾಗವನ್ನು ಉಳಿದ ಕಟ್ಟೆಗಿಂತ ಮೂರು-ನಾಲ್ಕು ಇಂಚು ಕೆಳಗೆ ಮಾಡಿಸಿ. ಅಂಗೈ ಒತ್ತುವಾಗ ಭುಜ ಎತ್ತಬೇಕಾಗುವುದಿಲ್ಲ.

ಯಾದಗಿರಿ ಜಿಲ್ಲೆ ಶಹಾಪುರದಿಂದ: ಜೋಳಕ್ಕೂ ಅಕ್ಕಿಗೂ ನುಸಿ ಬೀಳುತ್ತಿದೆ. ಪಕ್ಕದ ಮನೆಯವರು ಚೀಲದಲ್ಲಿ ಗುಳಿಗೆ ಇಡಿ ಅನ್ನುತ್ತಾರೆ. ಇಡಬಹುದಾ?

ಬೇಡ. ದಯವಿಟ್ಟು ಬೇಡ. ಗೊಬ್ಬರದ ಅಂಗಡಿಯಲ್ಲಿ ಕಾಳಿಗೆ ಅಂತ ಕೊಡುವ ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿನ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಅದಕ್ಕೆ ಪ್ರತಿಮದ್ದು ಇಲ್ಲ. ಜನ ಮಲಗುವ ಮನೆಯಲ್ಲಿ ಅದನ್ನು ಬಳಸುವಂತೆಯೇ ಇಲ್ಲ. ಅದು ಗೋದಾಮಿನಲ್ಲಿ, ತಿಳಿದವರ ಕಣ್ಣೆದುರು ಬಳಸುವ ವಸ್ತು. ಈಗಾಗಲೇ ಇಟ್ಟಿದ್ದರೆ ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಬರುವಾಗ ಕೈಗೆ ಸಿಕ್ಕ ಬಾಗಿಲು-ಕಿಟಕಿ ತೆರೆದು ಬನ್ನಿ, ಗುಳಿಗೆ ಮೇಲೆ ನೀರು ಮಾತ್ರ ಸುರಿಯಬೇಡಿ, ನೀರು ಬಿದ್ದರೆ ವಿಷಗಾಳಿ ಇನ್ನೂ ಜೋರಾಗಿ ಏಳುತ್ತದೆ. ತಲೆನೋವು, ವಾಂತಿ, ಎದೆ ಹಿಡಿದಂತೆ ಆದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಗುಳಿಗೆ ಇಟ್ಟದ್ದನ್ನು ಡಾಕ್ಟರಿಗೆ ಹೇಳಿ. ಬೋರಿಕ್ ಪುಡಿ ಕಲೆಸುವ ರೂಢಿಯೂ ಇದೆ, ಅದನ್ನೂ ಬಿಡಿ. ತಿನ್ನುವ ಕಾಳಿಗೆ ಅದು ಸೇರಬಾರದು.

ನುಸಿ ಎಲ್ಲಿಂದ ಬಂತು ಅಂತ ತಿಳಿದರೆ ದಾರಿ ಸಲೀಸು. ನುಸಿ ಕಾಳನ್ನು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ತಂದ ದಿನ ಕಾಳು ಮುತ್ತಿನಂತೆ ಕಾಣುತ್ತದೆ, ತಿಂಗಳಾದ ಮೇಲೆ ಹುಳ ಹೊರಗೆ ಬರುತ್ತದೆ. ಅದಕ್ಕೇ ತುಂಬುವ ಮೊದಲಿನ ಕೆಲಸವೇ ಮುಖ್ಯ.

ಜೋಳವನ್ನು ಸುಡುಬಿಸಿಲಿಗೆ ಮಾಳಿಗೆ ಮೇಲೆ ಹಾಕಿ. ಬೆರಳು ದಪ್ಪಕ್ಕಿಂತ ಜಾಸ್ತಿ ಹರವಬೇಡಿ, ನಡುನಡುವೆ ಕೈಯಾಡಿಸಿ. ಕಾಳಿನ ಬಿಸಿ 50 ಡಿಗ್ರಿ ದಾಟಿ ಕೆಲ ಹೊತ್ತು ನಿಂತರೆ ಹುಳ, ಮೊಟ್ಟೆ ಉಳಿಯುವುದಿಲ್ಲ, ನಿಮ್ಮ ಕಡೆ ಮೇ ತಿಂಗಳ ಬಿಸಿಲು ಅಷ್ಟು ಕೆಲಸ ಮಾಡುತ್ತದೆ. ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿ, ಕಟ್ ಅಂತ ಮುರಿಯಬೇಕು. ಹಲ್ಲಿಗೆ ಒತ್ತಿದಂತೆ ಆದರೆ ಇನ್ನೂ ತೇವ ಇದೆ. ಸಂಜೆ ಒಳಗೆ ತಂದು, ರಾತ್ರಿಯಿಡೀ ಆರಲು ಬಿಟ್ಟು, ಬೆಳಗ್ಗೆ ಡ್ರಮ್ಮಿಗೆ ತುಂಬಿ. ಕಂಠದವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಹುಳಕ್ಕೆ ಉಸಿರು ಸಿಗುವುದಿಲ್ಲ. ಅರ್ಧ ತುಂಬಿದ ದೊಡ್ಡ ಡ್ರಮ್ಮಿಗಿಂತ ಪೂರ್ತಿ ತುಂಬಿದ ಎರಡು ಚಿಕ್ಕವು ಎಷ್ಟೋ ವಾಸಿ.

ಅಕ್ಕಿಯನ್ನು ಹೀಗೆ ಬಿಸಿಲಿಗೆ ಹಾಕಬೇಡಿ. ಕಾಳು ಸೀಳಿ ಅನ್ನ ನುಚ್ಚಾಗುತ್ತದೆ. ನೆರಳಲ್ಲಿ ಹರವಿ, ಜರಡಿ ಹಿಡಿದು, ಎರಡು-ಮೂರು ತಿಂಗಳಿಗಾಗುವಷ್ಟು ಮಾತ್ರ ತಂದಿಟ್ಟುಕೊಳ್ಳಿ. ಕಾಲುವೆ ನೀರಿನಲ್ಲಿ ಬತ್ತ ಬೆಳೆಯುವ ಊರು ನಿಮ್ಮದು, ಅಕ್ಕಿ ಬೇಕಾದಾಗ ಸಿಗುತ್ತದೆ. ರವೆ, ಮೈದಾ ಪ್ಯಾಕೆಟ್ ತಂದ ಕೂಡಲೇ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಿ.

ತೊಗರಿ ಬೇಳೆಗೆ ನಮ್ಮ ಹಿರಿಯರು ಔಡಲ ಎಣ್ಣೆ ಸವರುತ್ತಿದ್ದರು, ಅದು ಸರಿಯಾದ ಉಪಾಯ. ಎಣ್ಣೆಯ ತೆಳು ಪದರ ಇದ್ದರೆ ಮೊಟ್ಟೆ ಉಳಿಯುವುದಿಲ್ಲ. ಬೇವಿನ ಎಲೆಯನ್ನೂ ಹಾಕಬಹುದು, ಆದರೆ ಗರಿಗರಿ ಒಣಗಿರಬೇಕು. ಹಸಿ ಎಲೆ ಹಾಕಿದರೆ ನೀವೇ ತೇವ ತಂದು ಹಾಕಿದಂತೆ. ಮತ್ತೆ, ಬೇವು ಹುಳವನ್ನು ದೂರ ಇಡುತ್ತದೆ ಅಷ್ಟೇ, ಈಗಾಗಲೇ ಒಳಗಿರುವುದನ್ನು ಕೊಲ್ಲುವುದಿಲ್ಲ.

ಬೀದರಿನಿಂದ: ನಮ್ಮದು ಹಳೇ ಮನೆ. ಅಡುಗೆಮನೆಯಲ್ಲಿ ಶಹಾಬಾದ್ ಕಲ್ಲಿನ ರ್ಯಾಕ್ ಇವೆ, ಬಾಗಿಲಿಲ್ಲ, ಧೂಳು. ಮಗ ಅದನ್ನೆಲ್ಲಾ ಒಡೆಸಿ ಪ್ಲೈವುಡ್ ಕಪಾಟು ಮಾಡಿಸೋಣ ಅನ್ನುತ್ತಾನೆ. ಏನು ಮಾಡಲಿ?

ಒಡೆಸಬೇಡಿ ಅಂತ ಮಗನಿಗೆ ನನ್ನ ಹೆಸರು ಹೇಳಿಯೇ ಹೇಳಿ. ಆ ಕಲ್ಲಿಗೆ ಗೆದ್ದಲು ಹತ್ತುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ನೂರು ಕೆಜಿ ಇಟ್ಟರೂ ಬಾಗುವುದಿಲ್ಲ. ಅದೇ ದುಡ್ಡಿನಲ್ಲಿ ಅಲ್ಯೂಮಿನಿಯಂ ಫ್ರೇಮ್ ಹಾಕಿಸಿ ಬಾಗಿಲು ಕೂಡಿಸಿ. ಪೂರ್ತಿ ಮುಚ್ಚಿದ ಬಾಗಿಲು ಬೇಡ, ಕೆಳಗೊಂದು ಮೇಲೊಂದು ಸಣ್ಣ ಜಾಲಿ ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಒಳಗೆ ಮುಗ್ಗಲು ವಾಸನೆ ಬರುತ್ತದೆ.

ಹಳೇ ರ್ಯಾಕಿನ ತೊಂದರೆ ಬೇರೆ. ಎರಡು ಕಲ್ಲಿನ ನಡುವೆ ಒಂದೂವರೆ ಅಡಿ ಎತ್ತರ, ಎರಡಡಿ ಆಳ. ಮುಂದೆ ನಿಂತ ಡಬ್ಬಿ ಕಾಣುತ್ತದೆ, ಹಿಂದಿನದು ದೀಪಾವಳಿಗೆ ಸಿಗುತ್ತದೆ. ಹಿಂದಿನ ಅರ್ಧಕ್ಕೆ ಆರು ಇಂಚು ಎತ್ತರದ ಮಣೆಯಂಥದ್ದನ್ನು ಇಡಿ, ಹಿಂದಿನ ಸಾಲು ಮೇಲೆದ್ದು ಕಾಣುತ್ತದೆ. ಆ ಮಣೆ ಕೆಳಗೆ ಅಪರೂಪಕ್ಕೆ ಬೇಕಾಗುವ ತಟ್ಟೆಗಳು. ದಿನಾ ಬೇಕಾದ್ದು ಸೊಂಟದಿಂದ ಕಣ್ಣಿನ ಮಟ್ಟದ ಒಳಗೆ, ಭಾರ ಎಲ್ಲಾ ಕೆಳಗೆ, ಶಾವಿಗೆ-ಸಂಡಿಗೆಯಂಥ ಹಗುರ ಮೇಲೆ.

ಒಂದು ಎಚ್ಚರಿಕೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹುಳಿಗೆ ತಡೆಯುವುದಿಲ್ಲ. ನಿಂಬೆರಸ, ಹುಣಸೆ ನೀರು, ಉಪ್ಪಿನಕಾಯಿ ರಸ ಬಿದ್ದ ಕಡೆ ಬಿಳಿ ಮಚ್ಚೆ ಬೀಳುತ್ತದೆ. ಆಸಿಡ್ ಹಾಕಿ ಉಜ್ಜಿದರಂತೂ ಕಲ್ಲಿನ ಮೈಯೇ ಹೋಗುತ್ತದೆ. ಉಪ್ಪಿನಕಾಯಿ ಜಾಡಿ ಕೆಳಗೆ ಒಂದು ತಟ್ಟೆ ಇಡಿ, ಕಲ್ಲನ್ನು ಸಾದಾ ಸೋಪಿನ ನೀರಿನಲ್ಲಿ ಒರೆಸಿ. ಹಾಗೂ ಪ್ಲೈವುಡ್ಡೇ ಬೇಕು ಅಂದರೆ ಸಿಂಕಿನ ಕೆಳಗಾದರೂ ನೀರು ತಡೆಯುವ, ಐಎಸ್ 710 ಗುರುತಿನದು ಕೇಳಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನೀರಿನ ಹತ್ತಿರ ಬೇಡ.

ಹುಮನಾಬಾದಿನಿಂದ: ವರ್ಷದ ಖಾರದ ಪುಡಿ ದೀಪಾವಳಿ ಹೊತ್ತಿಗೆ ಬಣ್ಣ ಕಳೆದುಕೊಳ್ಳುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿಯೂ (ಚಟ್ನಿಪುಡಿ) ಬೇಗ ಕಮಟಾಗುತ್ತದೆ.

ಖಾರದ ಡಬ್ಬಿ ಒಲೆ ಮೇಲಿನ ಕಪಾಟಿನಲ್ಲಿ ಇದೆ ಅಂತ ನನ್ನ ಅಂದಾಜು. ಬಹಳ ಮನೆಗಳಲ್ಲಿ ಅಲ್ಲೇ ಇರುತ್ತದೆ, ಕೈಗೆ ಹತ್ತಿರ ಅಂತ. ಬಿಸಿ, ಹಬೆ, ಬೆಳಕು ಮೂರೂ ಖಾರದ ವೈರಿ. ತಿಂಗಳಿಗಾಗುವಷ್ಟು ಚಿಕ್ಕ ಡಬ್ಬಿಗೆ ತೆಗೆದು ಒಲೆಯಿಂದ ಒಂದು ಮೊಳ ದೂರ ಇಡಿ, ಉಳಿದದ್ದು ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿ, ಫ್ರಿಜ್‌ನಲ್ಲಿ ಜಾಗ ಇದ್ದರೆ ಅಲ್ಲಿ. ಒದ್ದೆ ಚಮಚ ಹಾಕಬೇಡಿ ಅಂತ ಮನೆಯ ಎಲ್ಲರಿಗೂ ಹೇಳಿ, ಮುಖ್ಯವಾಗಿ ಗಂಡಸರಿಗೆ.

ಹಿಂಡಿಯಲ್ಲಿ ಎಣ್ಣೆ ಜಾಸ್ತಿ. ಅಗಸಿಯದು ಎಲ್ಲಕ್ಕಿಂತ ಬೇಗ ಕೆಡುತ್ತದೆ, ಕುಟ್ಟಿದ್ದನ್ನು ಫ್ರಿಜ್‌ನಲ್ಲಿಡಿ. ಅಗಸಿ, ಶೇಂಗಾ, ಗುರೆಳ್ಳು ಇಡಿಯಾಗಿ ಇಟ್ಟುಕೊಂಡು, ಹದಿನೈದು ದಿನಕ್ಕಾಗುವಷ್ಟು ಹುರಿದು ಕುಟ್ಟುವುದು ಒಳ್ಳೆಯದು. ಶೇಂಗಾದಲ್ಲಿ ಬೂಸ್ಟು ಕಂಡರೆ ಆರಿಸಿ ಬಳಸಲು ಹೋಗಬೇಡಿ, ಚೆಲ್ಲಿಬಿಡಿ. ಆ ಬೂಸ್ಟಿನ ವಿಷ ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಸೇಡಂನಿಂದ: ಗ್ಯಾಸ್ ಸಿಲಿಂಡರ್ ಕಾಣಬಾರದು ಅಂತ ಕಟ್ಟೆ ಕೆಳಗೆ ಬಾಗಿಲು ಹಾಕಿಸಿದ್ದೇವೆ. ಉಳಿದ ಜಾಗದಲ್ಲಿ ಈರುಳ್ಳಿ, ಆಲೂಗಡ್ಡೆ ಇಡಬಹುದಾ?

ಇಡಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತದೆ. ಮೊದಲು ಬಾಗಿಲಿನ ತಳದಲ್ಲಿ ದೊಡ್ಡ ಜಾಲಿ ಕೊಯ್ಸಿ, ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಒಳಗೆ ಪ್ಲಗ್ ಪಾಯಿಂಟ್ ಇದ್ದರೆ ತೆಗೆಸಿ. ಹಳೇ ಪೇಪರ್, ಪ್ಲಾಸ್ಟಿಕ್ ಚೀಲ ಅಲ್ಲಿ ತುರುಕುವ ಅಭ್ಯಾಸ ಇದ್ದರೆ ಇವತ್ತೇ ಖಾಲಿ ಮಾಡಿ, ರೆಗ್ಯುಲೇಟರಿಗೆ ಕೈ ಸಲೀಸಾಗಿ ಹೋಗಬೇಕು. ಈರುಳ್ಳಿಗೆ ಗಾಳಿ ಬೇಕು, ಅಡುಗೆಮನೆ ಬಾಗಿಲ ಹಿಂದೆ ಜಾಳಿಗೆ ಚೀಲದಲ್ಲಿ ನೇತುಹಾಕಿ. ಆಲೂಗಡ್ಡೆಗೆ ಕತ್ತಲು ಬೇಕು, ಬೆಳಕಿಗೆ ಹಸಿರಾಗುತ್ತದೆ, ಹಸಿರಾದದ್ದು ತಿನ್ನಬಾರದು. ಅದನ್ನು ಬೇರೆ ಬುಟ್ಟಿಯಲ್ಲಿ, ಮೇಲೊಂದು ಗೋಣಿತಟ್ಟು ಹೊದಿಸಿ, ಮನೆಯ ತಂಪು ಮೂಲೆಯಲ್ಲಿಡಿ.