ಲಾಳಿಕೆಯಿಂದ ಶುರುಮಾಡಿ

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. ಜೇಮ್ಸ್ ಜಾಯ್ಸ್‌ನ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್’ ಕಾದಂಬರಿಯನ್ನು ಮೂರು ಸಲ ಹಿಡಿದು ಮೂರು ಸಲ ಬಿಟ್ಟೆ. ಹುಡುಗನೊಬ್ಬ ದೊಡ್ಡವನಾಗುವ ಕಥೆ ಅಂತಾರೆ. ಮೊದಲ ಪುಟದಲ್ಲೇ ತೊದಲು ಮಾತು, ನಡುವೆ ನರಕದ ಉಪದೇಶ. ತಪ್ಪು ನನ್ನದಾ ಸರ್?
– ಓದುಗಿ, ಯಾದಗಿರಿ

ಉತ್ತರ: ಮೂರೇ ಸಲವಾ? ನಾನು ಐದು ಸಲ ಬಿಟ್ಟವನು. ಕಲಬುರಗಿಯಲ್ಲಿ ತಗಡಿನ ಮಾಡಿನ ಕೋಣೆ, ಮೇ ತಿಂಗಳು. ಮೂರನೇ ಅಧ್ಯಾಯದ ನರಕ ಬಂದಾಗ, ‘ಇದು ನಮಗೇನು ಹೊಸದಲ್ಲ’ ಅಂತ ಪುಸ್ತಕ ಮುಚ್ಚಿಟ್ಟೆ.

ನೋಡ್ರಿ, 1916ರಲ್ಲಿ ಪುಸ್ತಕವಾಗಿ ಬಂದ ಈ ಕಾದಂಬರಿಯಲ್ಲಿ ಕಥಾನಾಯಕ ಸ್ಟೀಫನ್ ಬೆಳೆದಂತೆ ಭಾಷೆಯೂ ಬೆಳೆಯುತ್ತದೆ. ಮೊದಲ ಪುಟದಲ್ಲಿ ಅವನು ಕೂಸು. ಹಾಸಿಗೆ ಒದ್ದೆಯಾದರೆ ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ. ಕೂಸಿಗೆ ಅಷ್ಟೇ ಗೊತ್ತು, ಪುಟದಲ್ಲೂ ಅಷ್ಟೇ ಇದೆ. ಐದನೇ ಅಧ್ಯಾಯದಲ್ಲಿ ಅವನು ಕಾಲೇಜು ಹುಡುಗ, ಜಂಬ ಜಾಸ್ತಿ. ವಾಕ್ಯಗಳೂ ಜಂಬದವು. ಅಲ್ಲಿ ಬೇಜಾರಾದರೆ ಸ್ಟೀಫನ್‌ನನ್ನೇ ಬೈಯಿರಿ, ಪರವಾಗಿಲ್ಲ.

ಕಥೆ ನಡೆಯುವುದು ಐರ್ಲೆಂಡಿನಲ್ಲಿ, ಹಾಗಾಗಿ ಸ್ವಲ್ಪ ಹಿನ್ನೆಲೆ ಬೇಕು. ಪಾರ್ನೆಲ್ ಐರ್ಲೆಂಡಿನ ಸ್ವರಾಜ್ಯಕ್ಕೆ ಹೋರಾಡಿದ ನಾಯಕ. ಮದುವೆಯಾದ ಹೆಂಗಸಿನ ಜೊತೆಗಿನ ಸಂಬಂಧ ಬಯಲಾದಾಗ ಪಾದ್ರಿಗಳು ತಿರುಗಿಬಿದ್ದರು. 1891ರಲ್ಲಿ ತೀರಿಕೊಂಡ. ಸ್ಟೀಫನ್ ಮನೆಯಲ್ಲಿರುವ ಡಾಂಟೆ ಎಂಬ ಹೆಂಗಸು ಮೊದಲು ಅವನ ಹೆಸರಿನಲ್ಲಿ ಹಸಿರು ಮಖಮಲ್ಲಿನ ಬ್ರಷ್ ಇಟ್ಟುಕೊಂಡಿರುತ್ತಾಳೆ. ಮುಂದೊಂದು ದಿನ ಆ ಮಖಮಲ್ಲನ್ನು ಕತ್ತರಿಯಿಂದ ಕಿತ್ತು ಹಾಕುತ್ತಾಳೆ. ಇಷ್ಟು ಗೊತ್ತಿದ್ದರೆ, ಪಾರ್ನೆಲ್ ವಿಷಯಕ್ಕೆ ಕ್ರಿಸ್‌ಮಸ್ ಊಟದಲ್ಲಿ ಆಗುವ ಜಗಳ ನಮ್ಮದೇ ಮನೆಯದು ಅನಿಸುತ್ತದೆ. ಚುನಾವಣೆ ಹೊತ್ತಿನಲ್ಲಿ ನಮ್ಮ ಕಾಕಾ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದು ನನಗಿನ್ನೂ ನೆನಪಿದೆ.

ಆದರೆ ನನಗೆ ಈ ಪುಸ್ತಕದ ಬಾಗಿಲು ತೆರೆದದ್ದು ಒಂದು ಲಾಳಿಕೆ. ಐದನೇ ಅಧ್ಯಾಯದಲ್ಲಿ ದೀಪಕ್ಕೆ ಎಣ್ಣೆ ಹಾಕುವ ಮಾತು ಬರುತ್ತದೆ. ಲಾಳಿಕೆಗೆ ಸ್ಟೀಫನ್ ‘ಟನ್‌ಡಿಶ್’ ಅನ್ನುತ್ತಾನೆ. ಇಂಗ್ಲೆಂಡಿನಿಂದ ಬಂದ ಕಾಲೇಜಿನ ಡೀನ್‌ಗೆ ಆ ಪದ ಗೊತ್ತಿಲ್ಲ, ‘ಐರ್ಲೆಂಡಿನಲ್ಲಿ ಹಾಗಂತಾರಾ?’ ಅಂತ ಕೇಳುತ್ತಾನೆ. ಈ ಭಾಷೆ ಮೊದಲು ಅವನದು, ಆಮೇಲೆ ನನ್ನದು ಅಂತ ಹುಡುಗನಿಗೆ ಚುರುಕ್ ಅನ್ನುತ್ತದೆ. ನಾನು ಬೆಂಗಳೂರಿಗೆ ಹೋದ ಹೊಸದರಲ್ಲಿ ಪೊರಕೆ ಹುಡುಕುತ್ತಾ ‘ಕಸಬರಿಗೆ ಎಲ್ಲೈತ್ರಿ?’ ಅಂದಿದ್ದೆ. ರೂಮಿನವನು ನಕ್ಕು, ‘ಅದು ಉರ್ದುವಾ?’ ಅಂದ. ಅಪ್ಪಟ ಕನ್ನಡ ಪದ ಮಾರಾಯ! ಅವತ್ತು ಹೇಳಲಾಗದೆ ಸುಮ್ನಿದ್ದೆ. ಸ್ಟೀಫನ್ ಕೊನೆಯ ಡೈರಿ ಪುಟಗಳಲ್ಲಿ ಹೇಳುತ್ತಾನೆ: ನಿಘಂಟು ನೋಡಿದೆ, ಟನ್‌ಡಿಶ್ ಒಳ್ಳೆ ಹಳೆಯ ಇಂಗ್ಲಿಷೇ. ಅದನ್ನು ಓದಿ ರಾತ್ರಿ ಹನ್ನೊಂದಕ್ಕೆ ಒಬ್ಬನೇ ನಕ್ಕೆ. ಮರುದಿನ ಮೊದಲ ಪುಟಕ್ಕೆ ವಾಪಸ್ ಹೋದೆ.

ನೀವೂ ಆ ದೃಶ್ಯ ಮೊದಲು ಓದಿ, ಆಮೇಲೆ ಮೊದಲಿನಿಂದ ಬನ್ನಿ. ಮೊದಲ ಪುಟವನ್ನು ಗಟ್ಟಿಯಾಗಿ ಓದಿ, ಮನೆಯವರು ನಕ್ಕರೆ ನಗಲಿ. ನರಕದ ಉಪದೇಶ ಬೇಕಾದರೆ ಸದ್ಯಕ್ಕೆ ಹಾರಿಸಿ. ಪರೀಕ್ಷೆಯಲ್ಲಿ ಅದೇ ಬಂದರೆ ಮಾತ್ರ ನನ್ನ ಹೆಸರು ಹೇಳಬೇಡಿ.