ಕಿಟಕಿಯಿಲ್ಲದ ಕಟ್ಟಡದ ಹಣೆಬರಹ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಹಳೆಯ ಬಂಗಲೆ, ಗಿರಣಿ, ಗೋದಾಮುಗಳೆಲ್ಲ ಹೋಟೆಲ್ಲೋ ಕಚೇರಿಯೋ ಆಗಿ ಮತ್ತೆ ಜೀವ ಪಡೆಯುತ್ತವೆ; ಮುಚ್ಚಿದ ಚಿತ್ರಮಂದಿರ ಮಾತ್ರ ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿರುತ್ತದೆ, ಆಮೇಲೆ ಒಂದು ದಿನ ನೆಲಸಮವಾಗುತ್ತದೆ. ಇದು ಯಾಕೆ ಹೀಗೆ, ಉಳಿಸುವ ದಾರಿಯೇ ಇಲ್ಲವೇ, ನಿಮ್ಮ ಕಣ್ಣ ಮುಂದಿರುವ ಕಟ್ಟಡಕ್ಕೆ ಏನು ಮಾಡಬಹುದು?

ನಾನು ರೀಲಿನ ಕಾಲದಲ್ಲಿ ಹನ್ನೊಂದು ವರ್ಷ ಪ್ರೊಜೆಕ್ಟರ್ ಕೊಠಡಿಯಲ್ಲಿ ಆಪರೇಟರ್ ಆಗಿದ್ದೆ. ಆ ಕೆಲಸ ಬಿಟ್ಟ ಮೇಲೂ ಹಳೆಯ ಚಿತ್ರಮಂದಿರ ಕಂಡಲ್ಲೆಲ್ಲ ಒಳಗೆ ಬಿಡುತ್ತೀರಾ ಎಂದು ಕೇಳದೆ ಮುಂದೆ ಹೋಗಿದ್ದಿಲ್ಲ. ಹಾಗಾಗಿ ಕಟ್ಟಡದ ಒಳಗಿನಿಂದಲೇ ಉತ್ತರ ಹೇಳುತ್ತೇನೆ.

ಚಿತ್ರಮಂದಿರದ ಹಣೆಬರಹ ಅದರ ನಕ್ಷೆ ಬರೆದ ದಿನವೇ ನಿರ್ಧಾರವಾಗಿರುತ್ತದೆ. ಬೆಳಕು ಒಳಬರಬಾರದು, ಆದ್ದರಿಂದ ಕಿಟಕಿಗಳಿಲ್ಲ. ಹಿಂದಿನ ಸಾಲಿನವರಿಗೂ ಪರದೆ ಕಾಣಬೇಕು, ಆದ್ದರಿಂದ ನೆಲ ಇಳಿಜಾರು. ನಡುವೆ ಒಂದೇ ಒಂದು ಕಂಬ ಬಂದರೂ ಅದರ ಹಿಂದಿನ ಕುರ್ಚಿಗಳೆಲ್ಲ ದಂಡ, ಆದ್ದರಿಂದ ಇಡೀ ಛಾವಣಿಯ ಭಾರವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಚಾಚಿದ ಉಕ್ಕಿನ ಚೌಕಟ್ಟುಗಳು ಹೊರುತ್ತವೆ. ಬಾಲ್ಕನಿಯಂತೂ ಗಾಳಿಯಲ್ಲಿ ತೇಲಿದ ಹಾಗೆ ಮುಂದೆ ಚಾಚಿಕೊಂಡಿರುತ್ತದೆ. ಇಂತಹ ಕಟ್ಟಡವನ್ನು ಕಚೇರಿ ಮಾಡಲು ಹೊರಟರೆ ನೆಲ ಸಮ ಮಾಡಬೇಕು, ನಡುವೆ ಮಹಡಿಗಳನ್ನು ಹಾಕಬೇಕು, ಅವನ್ನು ಹೊರಲು ಕಂಬ ನಿಲ್ಲಿಸಬೇಕು, ಗೋಡೆ ಒಡೆದು ಕಿಟಕಿ ತೆಗೆಯಬೇಕು. ಅಷ್ಟು ಮಾಡುವ ಹೊತ್ತಿಗೆ ಹೊಸದನ್ನೇ ಕಟ್ಟಬಹುದಿತ್ತು ಅನ್ನಿಸುತ್ತದೆ. ಇನ್ನೊಂದು ಕಡೆ, ಜನ ಸೇರುವ ಜಾಗ ಹುಡುಕಿಯೇ ಇವನ್ನು ಕಟ್ಟಿರುತ್ತಾರೆ. ಊರು ಬೆಳೆದಂತೆ ಕಟ್ಟಡಕ್ಕಿಂತ ನೆಲದ ಬೆಲೆಯೇ ಹತ್ತು ಪಟ್ಟು ಭಾರವಾಗುತ್ತದೆ. ಮಾಲೀಕರಿಗೆ ದುರಸ್ತಿಗೆ ಖರ್ಚು ಮಾಡಲು ಮನಸ್ಸು ಬರುವುದಿಲ್ಲ. ಮಾರೋಣವೆಂದರೆ ಅಷ್ಟು ಹೊತ್ತಿಗೆ ಆಸ್ತಿ ಮಕ್ಕಳು ಮೊಮ್ಮಕ್ಕಳ ನಡುವೆ ಹಂಚಿಹೋಗಿರುತ್ತದೆ. ನೀವು ಕಾಣುತ್ತಿರುವ ಆ ದೀರ್ಘ ಮೌನದ ಹಿಂದೆ ಹೆಚ್ಚಿನ ಸಲ ಇಷ್ಟೇ ಇರುತ್ತದೆ.

ನಾನು ಕೆಲಸಕ್ಕೆ ಸೇರಿದ ದಿನ ಹಿರಿಯ ಆಪರೇಟರ್ ನನಗೆ ಮೊದಲು ತೋರಿಸಿದ್ದು ಪ್ರೊಜೆಕ್ಟರನ್ನಲ್ಲ, ಗೋಡೆಯನ್ನು. ಒಂದೂವರೆ ಅಡಿ ದಪ್ಪದ ಗೋಡೆ. ಕೊಠಡಿಯಿಂದ ಸಭಾಂಗಣಕ್ಕೆ ನೇರ ಬಾಗಿಲಿಲ್ಲ. ಕಬ್ಬಿಣದ ಬಾಗಿಲು ತೆರೆಯುವುದು ಹೊರಗಿನ ಮೆಟ್ಟಿಲಿಗೆ. ಗೋಡೆಯಲ್ಲಿ ಜೋಡಿ ಜೋಡಿಯಾಗಿ ಸಣ್ಣ ಕಿಂಡಿಗಳು: ಒಂದರಿಂದ ಬೆಳಕು ಹೊರಗೆ ಹೋಗಬೇಕು, ಇನ್ನೊಂದರಿಂದ ನಾವು ಪರದೆ ನೋಡಬೇಕು. ಪ್ರತಿ ಕಿಂಡಿಯ ಮೇಲೆ ಒಂದು ಕಬ್ಬಿಣದ ಹಲಗೆ ಸರಪಳಿಯಲ್ಲಿ ತೂಗುತ್ತಿತ್ತು, ಆ ಸರಪಳಿಯ ನಡುವೆ ಬೇಗ ಕರಗುವ ಮೆದು ಲೋಹದ ಒಂದು ಕೊಂಡಿ. ಒಳಗೆ ಬೆಂಕಿ ಎದ್ದರೆ ಕೊಂಡಿ ಕರಗಿ ಹಲಗೆಗಳೆಲ್ಲ ತಾವಾಗಿಯೇ ದಬದಬನೆ ಬಿದ್ದು ಕಿಂಡಿಗಳು ಮುಚ್ಚಿಹೋಗುತ್ತವೆ. 'ನಾವು ಒಳಗಿದ್ದರೂ ಬೀಳುತ್ತದೆ, ಆ ಕಡೆಯ ಜನಕ್ಕೆ ಬೆಂಕಿ ಕಾಣಬಾರದು, ಕಂಡರೆ ತುಳಿದಾಡಿ ಸಾಯುತ್ತಾರೆ' ಎಂದು ಅವರು ಹೇಳಿದ್ದರು. ಆ ಹಲಗೆಗಳು ಜಾರಿ ಬೀಳುವ ಸಂದುಗಳಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡುವುದು ಹನ್ನೊಂದು ವರ್ಷವೂ ನನ್ನ ಪಾಲಿನ ಕೆಲಸವಾಗಿತ್ತು.

ಅವರ ಮಾತಿನ ಹಿಂದೆ ನಿಜವಾದ ಸಾವುಗಳಿದ್ದವೆಂದು ನನಗೆ ಆಮೇಲೆ ತಿಳಿಯಿತು. ಸಿನಿಮಾ ಹುಟ್ಟಿ ಎರಡೇ ವರ್ಷಕ್ಕೆ, 1897ರ ಮೇ 4ರಂದು, ಪ್ಯಾರಿಸಿನ ಒಂದು ದತ್ತಿ ಸಂತೆಯಲ್ಲಿ ಪ್ರೊಜೆಕ್ಟರ್ ದೀಪಕ್ಕೆ ಬಳಸುತ್ತಿದ್ದ ಈಥರ್ ಎಂಬ ಬೇಗ ಹೊತ್ತಿಕೊಳ್ಳುವ ದ್ರವಕ್ಕೆ ಬೆಂಕಿ ಹತ್ತಿ, ಮರ ಮತ್ತು ಬಟ್ಟೆಯಿಂದ ಕಟ್ಟಿದ್ದ ಮಂಟಪವೆಲ್ಲ ಉರಿದು ಸುಮಾರು 126 ಜನ ಸತ್ತರು. ಅದರ ಮೇಲೆ ಆ ಕಾಲದ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟ್‌ನದು. ಅದಕ್ಕೆ ಒಮ್ಮೆ ಬೆಂಕಿ ಹತ್ತಿದರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಂಡು ನೀರಿನೊಳಗೂ ಉರಿಯುತ್ತದೆ. ಬ್ರಿಟನ್ 1909ರಲ್ಲಿ ಕಾನೂನು ಮಾಡಿ ಪ್ರೊಜೆಕ್ಟರ್‌ಗೆ ಬೆಂಕಿ ತಡೆಯುವ ಪ್ರತ್ಯೇಕ ಕೊಠಡಿ ಬೇಕೆಂದಿತು. ಅಂಗಡಿ ಮಳಿಗೆಗಳಲ್ಲಿ, ಬಾಡಿಗೆ ಸಭಾಂಗಣಗಳಲ್ಲಿ ನಡೆಯುತ್ತಿದ್ದ ಸಿನಿಮಾ ತನ್ನದೇ ಕಟ್ಟಡಕ್ಕೆ ಹೋಗಲು ಈ ಬೆಂಕಿಯ ಭಯವೂ ಒಂದು ದೊಡ್ಡ ಕಾರಣ. ಸ್ಕಾಟ್ಲೆಂಡಿನ ಪೇಸ್ಲಿಯ ಗ್ಲೆನ್ ಸಿನಿಮಾದಲ್ಲಿ 1929ರ ಡಿಸೆಂಬರ್ 31ರಂದು ಫಿಲ್ಮ್ ಡಬ್ಬಿಯೊಂದರಿಂದ ಬರೀ ಹೊಗೆ ಬಂದಿತ್ತು, ಕಟ್ಟಡಕ್ಕೆ ಬೆಂಕಿ ತಗಲಿರಲೇ ಇಲ್ಲ. ಹೊರಬಾಗಿಲಿನ ಕಬ್ಬಿಣದ ಗೇಟು ತೆರೆಯದೆ ಎಪ್ಪತ್ತರಷ್ಟು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಸತ್ತರು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನರನ್ನು ಕೊಂದದ್ದೂ ಹೊಗೆಯೇ; ಕೆಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ಎದ್ದ ಹೊಗೆ ಬಾಲ್ಕನಿಗೆ ಏರಿದಾಗ, ಹೆಚ್ಚುವರಿ ಕುರ್ಚಿ ಹಾಕಿ ದಾರಿ ಮುಚ್ಚಿದ್ದರು. ಆ ಕಟ್ಟಡ ಎರಡು ದಶಕಕ್ಕೂ ಹೆಚ್ಚು ಕಾಲ ಬೀಗಮುದ್ರೆಯೊಳಗೇ ಉಳಿಯಿತು. ಪಾಳು ಕಟ್ಟಡದ ಮುಂದೆ ನಿಂತು ಹಳೆಯ ವೈಭವ ನೆನೆಯುವವರು ಇದನ್ನೂ ನೆನೆಯಬೇಕು. ಹೊರಕ್ಕೆ ತೆರೆಯುವ ಆ ಅಗಲ ಬಾಗಿಲುಗಳು ಸುಮ್ಮನೆ ಬಂದವಲ್ಲ.

ಕಿಂಡಿಗಳನ್ನು ಎಣಿಸಿದರೆ ಕಟ್ಟಡದ ವಯಸ್ಸೂ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. 2000 ಅಡಿಯ ರೀಲು ಓಡುವುದು ಇಪ್ಪತ್ತು ನಿಮಿಷದ ಆಸುಪಾಸು. ಅದು ಮುಗಿಯುವ ಮೊದಲು ಪಕ್ಕದ ಪ್ರೊಜೆಕ್ಟರಿನಲ್ಲಿ ಮುಂದಿನ ರೀಲು ಸಿದ್ಧವಿರಬೇಕು. ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿನುಗಿದರೆ ಎರಡನೆಯ ಯಂತ್ರದ ಮೋಟಾರು ಶುರು. ಸುಮಾರು ಏಳು ಸೆಕೆಂಡಿನ ನಂತರ ಇನ್ನೊಂದು ಚುಕ್ಕೆ, ಆಗ ಒಂದರ ಬೆಳಕು ಮುಚ್ಚಿ ಇನ್ನೊಂದರದು ತೆರೆಯಬೇಕು. ಕೆಳಗೆ ಕುಳಿತವರಿಗೆ ಯಂತ್ರ ಬದಲಾಗಿದ್ದು ತಿಳಿಯಲೇಬಾರದು. ಹಾಗಾಗಿ ಎರಡು ಯಂತ್ರ, ಎರಡು ಜೋಡಿ ಕಿಂಡಿ. ಮುಂದೆ ಇಡೀ ಚಿತ್ರವನ್ನು ಒಂದೇ ದೊಡ್ಡ ತಟ್ಟೆಯ ಮೇಲೆ ಸುತ್ತುವ ವ್ಯವಸ್ಥೆ ಬಂದ ಮೇಲೆ ಕಟ್ಟಿದವುಗಳಲ್ಲಿ ಒಂದೇ ಜೋಡಿ ಸಾಕಾಯಿತು. ಹೊರಗಿನಿಂದ ನೋಡುವಾಗ ಮಾಡಿನ ಮೇಲೆ ತಗಡಿನ ಹೊಗೆಕೊಳವೆ ಕಂಡರೆ ಅದರ ಕೆಳಗೇ ಪ್ರೊಜೆಕ್ಟರ್ ಕೊಠಡಿ ಎಂದು ತಿಳಿಯಿರಿ; ಕಾರ್ಬನ್ ಕಡ್ಡಿಗಳ ನಡುವೆ ವಿದ್ಯುತ್ ಹಾರಿಸಿ ಬೆಳಕು ಮಾಡುತ್ತಿದ್ದಾಗ ಏಳುತ್ತಿದ್ದ ಹೊಗೆಗೆ ಮಾಡಿದ ದಾರಿ ಅದು.

ಮುಚ್ಚಿಹೋದ ಕಥೆ ನಿಮಗೆ ಗೊತ್ತೇ ಇದೆ, ಬೇಗ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 1946ರಲ್ಲಿ ಮಾರಾಟವಾದ ಟಿಕೆಟ್‌ಗಳು 163 ಕೋಟಿಗೂ ಹೆಚ್ಚು. 1984ರಲ್ಲಿ ಸುಮಾರು 5.4 ಕೋಟಿ. ಮೊದಲು ಟಿ.ವಿ., ಆಮೇಲೆ ವಿಡಿಯೊ, ಆಮೇಲೆ ಮಲ್ಟಿಪ್ಲೆಕ್ಸ್. ಕೊನೆಯ ಪೆಟ್ಟು ಡಿಜಿಟಲ್. ದಿನಕ್ಕೆ ನಾಲ್ಕು ಆಟ ಹಾಕಿದರೂ ಅರ್ಧ ತುಂಬದ ಚಿತ್ರಮಂದಿರದ ಮಾಲೀಕನಿಗೆ ಹೊಸ ಯಂತ್ರದ ಸಾಲ ಹೊರುವ ಶಕ್ತಿ ಇರಲಿಲ್ಲ, ರೀಲು ಬರುವುದು ನಿಂತ ಮೇಲೆ ಹಳೆಯ ಯಂತ್ರಕ್ಕೆ ಕೆಲಸವೂ ಇರಲಿಲ್ಲ.

ಇನ್ನು ಮುಚ್ಚಿದ ಮೇಲೆ. ನ್ಯೂಯಾರ್ಕಿನ ರಾಕ್ಸಿ 1927ರಲ್ಲಿ ಹತ್ತಿರ ಹತ್ತಿರ ಆರು ಸಾವಿರ ಕುರ್ಚಿಗಳೊಂದಿಗೆ ತೆರೆಯಿತು, 1960ರಲ್ಲಿ ಕೆಡವಿದರು. ಕೋಲ್ಕತ್ತದಲ್ಲಿ ಜೆ.ಎಫ್. ಮದನ್ 1907ರಲ್ಲಿ ಆರಂಭಿಸಿದ ಎಲ್ಫಿನ್‌ಸ್ಟನ್ ಭಾರತದ ಅತ್ಯಂತ ಹಳೆಯ ಕಾಯಂ ಚಿತ್ರಮಂದಿರಗಳಲ್ಲಿ ಒಂದು. ಚಾಪ್ಲಿನ್ ಎಂಬ ಹೆಸರಿನಲ್ಲಿ ಕೊನೆಯುಸಿರೆಳೆದ ಅದು 2013ರಲ್ಲಿ ನೆಲಸಮವಾಯಿತು. ನೂರು ವರ್ಷ ದಾಟಿದ ಕಟ್ಟಡವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ನನ್ನಿಂದ ಇವತ್ತಿಗೂ ನುಂಗಲಾಗದ ಸಂಗತಿ.

ಡೆಟ್ರಾಯಿಟ್‌ನ ಮಿಷಿಗನ್ ಥಿಯೇಟರಿನ ಕಥೆ ಬೇರೆ. 1926ರಲ್ಲಿ ಕಟ್ಟಿದ್ದು, ನಾಲ್ಕು ಸಾವಿರ ಜನ ಕೂರುವಷ್ಟು ದೊಡ್ಡದು, 1976ರಲ್ಲಿ ಮುಚ್ಚಿತು. ಪಕ್ಕದ ಕಚೇರಿ ಕಟ್ಟಡಕ್ಕೆ ವಾಹನ ನಿಲ್ಲಿಸಲು ಜಾಗ ಬೇಕಿತ್ತು. ಥಿಯೇಟರನ್ನು ಪೂರ್ತಿ ಕೆಡವಿದರೆ ಅದಕ್ಕೆ ಅಂಟಿಕೊಂಡಿದ್ದ ಕಚೇರಿಯ ಬುಡಕ್ಕೇ ಅಪಾಯವೆಂದು ತಿಳಿದಾಗ ಕುರ್ಚಿ, ಬಾಲ್ಕನಿ ಎಲ್ಲ ಕಿತ್ತು ಒಳಗೆ ಮೂರು ಅಂತಸ್ತಿನ ಕಾರು ನಿಲ್ದಾಣ ಕಟ್ಟಿದರು. ಮೇಲಿನ ಅಂತಸ್ತಿನಲ್ಲಿ ಕಾರು ನಿಲ್ಲಿಸಿ ತಲೆ ಎತ್ತಿದರೆ ಒಡೆದ ಗಾರೆಯ ಹೂಬಳ್ಳಿಗಳು ಇಂದಿಗೂ ಕಾಣುತ್ತವೆ. ಹೆನ್ರಿ ಫೋರ್ಡ್ ತನ್ನ ಮೊದಲ ಮೋಟಾರು ಗಾಡಿಯನ್ನು 1896ರಲ್ಲಿ ಮಾಡಿದ ಕೊಟ್ಟಿಗೆ ಇದ್ದದ್ದೂ ಅದೇ ಜಾಗದಲ್ಲಿ. ಚಿತ್ರಗಳಲ್ಲಿ ಅದನ್ನು ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ, ಆದರೂ ಆ ಚಾವಣಿ ಉಳಿಯಿತಲ್ಲ ಎಂದು ಸಮಾಧಾನವೂ ಆಗುತ್ತದೆ.

ಉಳಿದವುಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಿಟಕಿಯಿಲ್ಲದ ಒಂದೇ ದೊಡ್ಡ ಕೋಣೆ ಇದ್ದ ಹಾಗೆಯೇ ಬೇಕು ಅನ್ನುವ ಯಾರಾದರೂ ಅವಕ್ಕೆ ಸಿಕ್ಕಿದ್ದಾರೆ. ಲಂಡನ್ನಿನ ಟೂಟಿಂಗ್‌ನಲ್ಲಿರುವ ಗ್ರೆನಡಾ 1931ರದು. ಒಳಗೆ ಹೋದರೆ ಗಾಥಿಕ್ ಚರ್ಚಿನಂತೆ ಕಮಾನುಗಳು, ಕನ್ನಡಿಗಳ ಮೊಗಸಾಲೆ. 1973ರಲ್ಲಿ ಸಿನಿಮಾ ನಿಂತಿತು, ಕೆಲವೇ ವರ್ಷಗಳಲ್ಲಿ ಬಿಂಗೊ ಜೂಜಾಟದವರು ಬಂದರು. ಅವರಿಗೆ ಬೇಕಿದ್ದದ್ದು ನೂರಾರು ಜನ ಒಟ್ಟಿಗೆ ಕೂರುವ ಜಾಗ, ಆದ್ದರಿಂದ ಕಮಾನುಗಳನ್ನು ಮುಟ್ಟಲಿಲ್ಲ. 2000ದಲ್ಲಿ ಅದಕ್ಕೆ ಬ್ರಿಟನ್ನಿನ ಪರಂಪರೆ ಪಟ್ಟಿಯ ಅತ್ಯುನ್ನತ ದರ್ಜೆ ಸಿಕ್ಕಿತು. ಕಿಲ್ಬರ್ನ್‌ನ ಗಾಮಾಂಟ್ ಸ್ಟೇಟ್ ಕೂಡ ಬಿಂಗೊ ನಡೆಸಿ ಆಮೇಲೆ ಪ್ರಾರ್ಥನಾ ಮಂದಿರವಾಯಿತು. ಜೂಜಿನವರ ಕೈಗೆ ಹೋಯಿತೆಂದು ಮೂಗು ಮುರಿದವರು ಬಹಳ ಇದ್ದರಂತೆ. ನನ್ನ ಲೆಕ್ಕದಲ್ಲಿ ಆ ಜೂಜಿನವರು ಕಟ್ಟಡವನ್ನು ಬಳಕೆಯಲ್ಲಿಟ್ಟರು, ದೀಪ ಹಚ್ಚಿದರು, ಅದೇ ಪುಣ್ಯ.

ಬ್ಯೂನಸ್ ಐರಿಸ್‌ನ ಗ್ರ್ಯಾಂಡ್ ಸ್ಪ್ಲೆಂಡಿಡ್ ಎಲ್ಲಕ್ಕಿಂತ ಅದೃಷ್ಟವಂತ ಕಟ್ಟಡ. 1919ರಲ್ಲಿ ನಾಟಕಶಾಲೆಯಾಗಿ ತೆರೆದು, ಮುಂದೆ ಚಿತ್ರಮಂದಿರವಾಗಿ, 2000ದಲ್ಲಿ ಪುಸ್ತಕದಂಗಡಿಯಾಯಿತು. ಬಾಲ್ಕನಿಗಳ ಸುತ್ತ ಪುಸ್ತಕದ ಕಪಾಟು, ವೇದಿಕೆಯ ಮೇಲೆ ಕಾಫಿ, ಆ ವೇದಿಕೆಗೆ ಕೆಂಪು ಪರದೆ ಹಾಗೆಯೇ ಇದೆ. ಸಿನಿಮಾವಾಗಿಯೇ ಬದುಕಿದವೂ ಇವೆ. ಬಟ್ಟೆ ಹೊಲಿಯುತ್ತಿದ್ದ ಯಹೂದಿ ವಲಸಿಗ ಅಬ್ರಹಾಂ ಟುಷಿನ್‌ಸ್ಕಿ 1921ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಟ್ಟಿದ ಚಿತ್ರಮಂದಿರದಿಂದ ನಾಜಿಗಳು ಅವನ ಹೆಸರನ್ನೇ ಕಿತ್ತುಹಾಕಿದ್ದರು. ಅವನು 1942ರಲ್ಲಿ ಔಶ್ವಿಟ್ಜ್‌ನಲ್ಲಿ ಸತ್ತ. ಯುದ್ಧ ಮುಗಿದ ಮೇಲೆ ಹೆಸರು ಮರಳಿತು, ಇವತ್ತಿಗೂ ಅಲ್ಲಿ ಚಿತ್ರ ನಡೆಯುತ್ತಿದೆ. ಇಂಗ್ಲೆಂಡಿನ ಹಾರ್ವಿಚ್‌ನ ಎಲೆಕ್ಟ್ರಿಕ್ ಪ್ಯಾಲೆಸ್ 1911ರದು. 1956ರಲ್ಲಿ ಮುಚ್ಚಿ ಕಾಲು ಶತಮಾನ ಪಾಳು ಬಿದ್ದು, ಊರಿನ ಸ್ವಯಂಸೇವಕರ ದುಡಿಮೆಯಿಂದ 1981ರಲ್ಲಿ ಮತ್ತೆ ತೆರೆಯಿತು. ಕಾಲು ಶತಮಾನ! ನಿಮ್ಮ ಕಟ್ಟಡಕ್ಕೆ ಇನ್ನೂ ಕಾಲ ಮಿಂಚಿಲ್ಲ ಎಂದು ನಾನು ಹೇಳುವುದು ಇದೇ ಧೈರ್ಯದ ಮೇಲೆ.

ಒಂದು ಮಾತ್ರ ನನಗೆ ಒಪ್ಪಿಗೆಯಿಲ್ಲ: ಬೀದಿಯ ಕಡೆಯ ಗೋಡೆಯೊಂದನ್ನು ಉಳಿಸಿ ಅದರ ಹಿಂದೆ ಹೊಸ ಗೋಪುರ ಎಬ್ಬಿಸಿ 'ಪರಂಪರೆ ಸಂರಕ್ಷಣೆ' ಎಂದು ಫಲಕ ಹಾಕುವುದು. ಚಿತ್ರಮಂದಿರ ಇರುವುದು ಒಳಗೆ. ಹೊರಗೋಡೆ ಅದರ ಜಾಹೀರಾತು.

ನಾನು ದುಡಿದ ಕಟ್ಟಡಕ್ಕೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಪೈಪುಗಳ ಗೋದಾಮಾಗಿದೆ. ಕುರ್ಚಿಗಳಿಲ್ಲ, ಆದರೆ ಅವನ್ನು ಬಿಗಿದಿದ್ದ ಬೋಲ್ಟುಗಳ ಮೊಂಡು ತಲೆಗಳು ಇಳಿಜಾರು ನೆಲದಲ್ಲಿ ಸಾಲು ಸಾಲಾಗಿ ಉಳಿದಿವೆ, ಸಾಲು ಎಣಿಸಬಹುದು. ಪೈಪುಗಳು ಪರದೆಯ ಕಡೆಗೆ ಉರುಳದಂತೆ ಅದೇ ಬೋಲ್ಟುಗಳಿಗೆ ಮರದ ತುಂಡು ಆನಿಸಿದ್ದರು. ಹಿಂದಿನ ಗೋಡೆಯ ಕಿಂಡಿಗಳಲ್ಲಿ ಮೂರಕ್ಕೆ ಗಾರೆ ಬಳಿದಿದ್ದರು. ನಾಲ್ಕನೆಯದರ ಹಲಗೆ ಸರಪಳಿಯಲ್ಲಿ ಇನ್ನೂ ಮೇಲೆಯೇ ನಿಂತಿತ್ತು, ಕೊಂಡಿ ಕರಗಿರಲಿಲ್ಲ.

ನೀವು ಏನು ಮಾಡಬಹುದು ಎಂದಿರಲ್ಲ. ಮಾಲೀಕರನ್ನು ಒಪ್ಪಿಸಿ ಒಳಗೆ ಹೋಗುವ ಅವಕಾಶ ಸಿಕ್ಕರೆ ಮುಂಭಾಗದ ಚೆಂದ ನೋಡುತ್ತಾ ನಿಲ್ಲಬೇಡಿ, ಮೊದಲು ಛಾವಣಿಯ ಸ್ಥಿತಿ ತಿಳಿದುಕೊಳ್ಳಿ. ಖಾಲಿ ಚಿತ್ರಮಂದಿರವನ್ನು ಕೊಲ್ಲುವುದು ಮಳೆನೀರು. ಮಾಡಿನ ಅಂಚಿನಲ್ಲಿ ನೀರು ಹರಿಯುವ ದೋಣಿಯಲ್ಲಿ ಕಸ ಕಟ್ಟಿ ನೀರು ಒಳಗಿಳಿದರೆ ಎರಡು ಮಳೆಗಾಲ ಸಾಕು. ಅಲಂಕಾರದ ಒಳಚಾವಣಿ ನೋಡಲು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದು ಬಹಳ ಕಡೆ ಪ್ಲಾಸ್ಟರಿನಲ್ಲಿ ಅದ್ದಿದ ಸೆಣಬಿನ ಬಟ್ಟೆಯ ಕಟ್ಟುಗಳಿಂದ ಮೇಲಿನ ಮರಕ್ಕೆ ತೂಗುಹಾಕಿದ್ದು. ಸೆಣಬು ಕೊಳೆತರೆ ಕೆಳಗಿನಿಂದ ಏನೂ ಕಾಣುವುದಿಲ್ಲ. ಲಂಡನ್ನಿನ ಅಪೊಲೊ ನಾಟಕಶಾಲೆಯಲ್ಲಿ 2013ರ ಡಿಸೆಂಬರಿನಲ್ಲಿ ಪ್ರದರ್ಶನ ನಡೆಯುತ್ತಿರುವಾಗಲೇ ಚಾವಣಿ ಜನರ ಮೇಲೆ ಬಿದ್ದದ್ದು ಇದೇ ಕಾರಣಕ್ಕೆ. ಆದ್ದರಿಂದ ಬಲ್ಲ ಎಂಜಿನಿಯರ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರು ಸರಿ ಎನ್ನುವ ತನಕ ಸಭಾಂಗಣದ ನಡುವೆ ನಿಲ್ಲಬೇಡಿ. ದೋಣಿಯ ಕಸ ಬಿಡಿಸಿ ಸೋರಿಕೆ ನಿಲ್ಲಿಸುವ ಕೆಲಸವೊಂದಕ್ಕೆ ಮಾಲೀಕರನ್ನು ಒಪ್ಪಿಸಿದರೆ ಮುಂದಿನ ಉಪಯೋಗದ ಬಗ್ಗೆ ಯೋಚಿಸಲು ನಿಮಗೆ ವರ್ಷಗಳು ಸಿಗುತ್ತವೆ.

ಆಮೇಲೆ ಹೊರಗಿನ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೊಠಡಿಗೆ ಹೋಗಿ. ಎಲ್ಲರೂ ಪರದೆ ಮತ್ತು ಬಾಲ್ಕನಿಯ ಫೋಟೊ ತೆಗೆಯುತ್ತಾರೆ, ಅಲ್ಲಿಗೆ ಯಾರೂ ಹೋಗುವುದಿಲ್ಲ. ಗೋಡೆಯಲ್ಲಿ ಪೆನ್ಸಿಲ್ಲಿನಿಂದ ಬರೆದ ಚಿತ್ರಗಳ ಹೆಸರು, ತಾರೀಖು, ರೀಲಿನ ಲೆಕ್ಕ ಸಿಗುವ ಸಾಧ್ಯತೆ ಹೆಚ್ಚು. ನಾವೆಲ್ಲರೂ ಹಾಗೆ ಬರೆಯುತ್ತಿದ್ದೆವು. ಸುಣ್ಣ ಬಳಿಯುವ ಮೊದಲು ಅದನ್ನು ಅಕ್ಷರ ಬಿಡದಂತೆ ನಕಲು ಮಾಡಿಕೊಳ್ಳಿ. ಕಿಂಡಿಗಳು ಎಷ್ಟು ಜೋಡಿ ಇವೆ ಎಂದು ಇಲ್ಲಿ ಬರೆದು ತಿಳಿಸಿದರೆ ಅಲ್ಲಿ ಯಾವ ಕಾಲದ ಯಂತ್ರಗಳಿದ್ದವೆಂದು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.