ಹನ್ನೊಂದು ನಿಯಮಗಳ ಹಾಳೆಯನ್ನು ಸದ್ಯಕ್ಕೆ ಹಂಚಬೇಡಿ

ಪ್ರಶ್ನೆ: ನಾನು ಬೆಟಗೇರಿಯವಳು, ವಯಸ್ಸು 43, ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕ್ರೈಸ್ತ ಸಭೆಯ ಏಳು ಕುಟುಂಬಗಳು ಪ್ರತಿ ಶುಕ್ರವಾರ ಸಂಜೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸುತ್ತೇವೆ. ಮೂರು ವರ್ಷಗಳಿಂದ ಅದರ ಜವಾಬ್ದಾರಿ ನನ್ನದು. ನಾಲ್ಕು ತಿಂಗಳ ಹಿಂದೆ ಒಬ್ಬ ಸಹೋದರಿ, ತನ್ನ ಗಂಡ ಮೊಬೈಲ್‌ನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡಿದ್ದಾರೆ, ಬಂಗಾರವೆಲ್ಲ ಒತ್ತೆ ಬಿದ್ದಿದೆ ಎಂದು ಕೂಟದಲ್ಲಿ ಅಳುತ್ತ ಹೇಳಿದರು. ಆ ರಾತ್ರಿಯೇ ನಾನು ಸಭೆಯ ಮಹಿಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ, ಹೆಸರು ಬರೆಯದೆ, 'ಶುಕ್ರವಾರದ ಕೂಟದ, ಮಗ್ಗದ ಮನೆಯ ಸಹೋದರಿಯ ಕುಟುಂಬ ಜೂಜಿನ ಬಂಧನದಿಂದ ಬಿಡುಗಡೆಯಾಗಲೆಂದು ಪ್ರಾರ್ಥಿಸಿರಿ' ಎಂದು ಹಾಕಿದೆ. ವಾರದೊಳಗೆ ಕಿರಾಣಿ ಅಂಗಡಿಯಲ್ಲಿ ಯಾರೋ ಆಕೆಯ ಗಂಡನಿಗೆ, "ಏನ್ರೀ, ಇಸ್ಪೀಟು ಈಗ ಮೊಬೈಲ್‌ನ್ಯಾಗ ಆಡ್ತೀರಂತ?" ಎಂದು ಕೇಳಿದರಂತೆ. ಆ ಕುಟುಂಬ ಬರುವುದು ನಿಂತಿತು. ಉಳಿದವರು ಈಗ ಮಕ್ಕಳ ಪರೀಕ್ಷೆ ಮತ್ತು ಪ್ರಯಾಣ ಬಿಟ್ಟು ಬೇರೆ ಯಾವುದಕ್ಕೂ ಪ್ರಾರ್ಥನೆ ಕೇಳುವುದಿಲ್ಲ. ನಿವೃತ್ತರಾದ ಕಾಕಾ ಒಬ್ಬರು ಬೈಬಲ್ ವಾಕ್ಯದ ಮೇಲೆ ನಲವತ್ತು ನಿಮಿಷ ಮಾತನಾಡುತ್ತಾರೆ, ಕುರ್ಚಿಯಲ್ಲಿ ಗಂಡಸರು ಕೂರುತ್ತಾರೆ, ಅಡುಗೆಮನೆ ಬಾಗಿಲ ಬಳಿ ಚಾಪೆಯ ಮೇಲೆ ಕೂರುವ ಹೆಂಗಸರು ಬಾಯಿ ಬಿಡುವುದಿಲ್ಲ. ಚಹಾದ ಜೊತೆಗಿನ ತಿಂಡಿ ಮನೆಯಿಂದ ಮನೆಗೆ ಹೆಚ್ಚುತ್ತಿದೆ. ಇಬ್ಬರು ತಮ್ಮ ಸರದಿ ತಪ್ಪಿಸಿಕೊಳ್ಳುತ್ತಿದ್ದಾರೆ, ಭಕ್ತಿಯ ಕೊರತೆಯೇ ಕಾರಣವಿರಬೇಕು. ಕೂಟದ ಶಿಸ್ತಿಗಾಗಿ ಹನ್ನೊಂದು ನಿಯಮಗಳನ್ನು ಬರೆದು ಝೆರಾಕ್ಸ್ ಮಾಡಿಸಿದ್ದೇನೆ. ಹಂಚಲೇ, ಅಥವಾ ಕೂಟವನ್ನೇ ನಿಲ್ಲಿಸಲೇ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು 'ಹೆಸರು ಬರೆಯದೆ' ಎಂಬ ಮಾತನ್ನು. ಬೆಟಗೇರಿಯಲ್ಲಿ ಮಗ್ಗದ ಮನೆಗಳು ಎಷ್ಟೇ ಇರಲಿ, ಶುಕ್ರವಾರದ ಕೂಟಕ್ಕೆ ಬರುವ ಮಗ್ಗದ ಮನೆ ಒಂದೇ ಎಂಬುದು ನಿಮ್ಮ ಸಭೆಯ ಚಿಕ್ಕ ಮಕ್ಕಳಿಗೂ ಗೊತ್ತಿರುತ್ತದೆ. ನೀವು ಜೊತೆಗೆ ಕಳಿಸಿದ ಹಾಳೆಯಲ್ಲಿ ಎಂಟನೆಯ ನಿಯಮ, 'ಕೂಟದಲ್ಲಿ ಆಡಿದ ಮಾತು ಹೊರಗೆ ಹೋಗಬಾರದು' ಎಂದಿದೆ. ಮಾತು ಯಾರ ಕೈಯಿಂದ ಹೊರಗೆ ಹೋಯಿತೆಂದು ತಿಳಿದಿರುವ ಆರು ಕುಟುಂಬಗಳ ಮುಂದೆ ಅದನ್ನು ನೀವೇ ಓದಿದರೆ ಅವರು ತಲೆಯಾಡಿಸುತ್ತಾರೆ, ಚಹಾ ಕುಡಿಯುತ್ತಾರೆ, ಮನೆಗೆ ಹೋಗುತ್ತಾರೆ. ಮುಂದಿನ ಶುಕ್ರವಾರವೂ ಪರೀಕ್ಷೆ ಮತ್ತು ಪ್ರಯಾಣಕ್ಕಾಗಿಯೇ ಪ್ರಾರ್ಥನೆ ಕೇಳುತ್ತಾರೆ. ಅವರು ಈಗಾಗಲೇ ತಮ್ಮದೊಂದು ನಿಯಮ ಮಾಡಿಕೊಂಡಿದ್ದಾರೆ, ಅದನ್ನು ಬರೆದಿಟ್ಟಿಲ್ಲ ಅಷ್ಟೇ.

ಆದ್ದರಿಂದ ಹಾಳೆಗಳು ಸದ್ಯಕ್ಕೆ ಕಪಾಟಿನಲ್ಲಿರಲಿ. ಮೊದಲು ಆ ಸಹೋದರಿಯನ್ನು ಕಾಣಬೇಕು, ಅದನ್ನು ಹೇಗೆ ಮಾಡಬೇಕೆಂಬುದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಮೇಲೆ ನಿಂತಿವೆ.

ಸಭಾಪಾಲಕರನ್ನಾಗಲಿ, ಹಿರಿಯರನ್ನಾಗಲಿ ಜೊತೆಗೆ ಕರೆದುಕೊಂಡು ಹೋಗಬೇಡಿ. ನಾಲ್ಕು ಜನ ಬಾಗಿಲಿಗೆ ಬಂದರೆ ಓಣಿಗೆ ಅದು ಇನ್ನೊಂದು ಸುದ್ದಿಯಾಗುತ್ತದೆ, ಮನೆಯವರಿಗೆ ಪಂಚಾಯಿತಿ ಕೂಡಿದಂತೆ ಅನಿಸುತ್ತದೆ. ಮೊದಲು ಫೋನ್ ಮಾಡಿ, ಯಾವಾಗ ಮತ್ತು ಎಲ್ಲಿ ಭೇಟಿಯಾಗಬೇಕೆಂಬುದನ್ನು ಅವರಿಗೇ ಬಿಡಿ. ಗಂಡನ ಎದುರು ಈ ಮಾತು ಮತ್ತೆ ಎತ್ತಿದರೆ ಆಕೆಗೆ ಮನೆಯಲ್ಲಿ ಏನಾಗುತ್ತದೆ ಎಂಬುದು ನಿಮಗೂ ನನಗೂ ತಿಳಿಯದು, ಆಕೆಗೆ ತಿಳಿದಿರುತ್ತದೆ. ಭೇಟಿಯಾದಾಗ 'ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿರಿ' ಎನ್ನಬೇಡಿ. ಆ 'ಆಗಿದ್ದರೆ' ಎಂಬ ಮಾತು ತಪ್ಪಿನ ಅರ್ಧ ಭಾರವನ್ನು ಅವರ ಹೆಗಲಿಗೇ ದಾಟಿಸುತ್ತದೆ. "ಅಕ್ಕಾರ, ನೀವು ನಂಬಿ ಹೇಳಿದ ಮಾತನ್ನ ನಾನು ಹೊರಗ ಹಾಕಿದೆ, ಅದು ನನ್ನ ತಪ್ಪು" ಎಂದು ಹೇಳಿ ಸುಮ್ಮನಿರಿ. ಅವರು ಬೈಯಬಹುದು, ಅಳಬಹುದು, ಏನೂ ಮಾತಾಡದೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂರಬಹುದು. ಆ ಮೌನವನ್ನು ಪ್ರಾರ್ಥನೆಯಿಂದ ತುಂಬಲು ಹೋಗಬೇಡಿ. ನಮ್ಮ ಜನರಲ್ಲಿ ಇದೊಂದು ರೂಢಿಯಿದೆ: ಎದುರಿಗಿರುವವರ ಸಿಟ್ಟು ನೋಡಲಾಗದಿದ್ದಾಗ 'ಬರ್ರಿ, ಪ್ರಾರ್ಥನಾ ಮಾಡೋಣ' ಎಂದು ಕಣ್ಣು ಮುಚ್ಚಿಬಿಡುತ್ತೇವೆ. ಕೂಟಕ್ಕೆ ಮರಳಿ ಬನ್ನಿರಿ ಎಂದೂ ಆ ದಿನ ಕರೆಯಬೇಡಿ. ಗಂಡನ ಬಳಿಯೂ ಕ್ಷಮೆ ಕೇಳಬೇಕೇ ಎಂಬುದನ್ನು ಮಾತ್ರ ಆಕೆಯನ್ನು ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಿ. ಆತನ ಹೆಸರು ಅಂಗಡಿ ಕಟ್ಟೆಯ ಮೇಲೆ ಬಂದಿದೆ, ಆತನ ಸಿಟ್ಟಿಗೆ ಕಾರಣವಿದೆ. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ಆಕೆಯೇ ತೋರಿಸಲಿ.

ಅವರು ತಾವಾಗಿ ಸಾಲದ ಮಾತು ತೆಗೆದರೆ, ಜೂಜಿನ ಚಟವನ್ನು ವೈದ್ಯರೂ ಆಪ್ತ ಸಮಾಲೋಚಕರೂ ನೋಡುತ್ತಾರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹೆಸರು ಹೇಳದೆಯೂ ಮಾತನಾಡಬಹುದು ಎಂಬಷ್ಟನ್ನು ತಿಳಿಸಿ. ಕೇಳದಿದ್ದರೆ ಅದೂ ಬೇಡ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಸ್ಪಷ್ಟೀಕರಣ ಹಾಕುವ ಆಸೆ ನಿಮಗೆ ಖಂಡಿತ ಬರುತ್ತದೆ. ಹಾಕಬೇಡಿ, ಮರೆತವರಿಗೂ ನೆನಪಾಗುತ್ತದೆ. ಶುಕ್ರವಾರದ ಕೂಟದಲ್ಲಿ ಮಾತ್ರ, ಆ ಮನೆಯ ಕಥೆಯನ್ನು ಮತ್ತೆ ಹೇಳದೆ, ನೀವು ನಂಬಿಕೆ ಮುರಿದಿರೆಂದೂ ಆ ಸಹೋದರಿಯ ಬಳಿ ಒಪ್ಪಿಕೊಂಡಿರೆಂದೂ ಎರಡು ವಾಕ್ಯದಲ್ಲಿ ಹೇಳಿ. ಅದನ್ನು ಕೂಟಕ್ಕೆ ತಿಳಿಸಬಹುದೇ ಎಂದು ಮಾತ್ರ ಆಕೆಯನ್ನು ಮೊದಲೇ ಕೇಳಿರಬೇಕು.

ಜವಾಬ್ದಾರಿ ಹೊತ್ತವರು ಮೊದಲು ತಮ್ಮದನ್ನು ಹೇಳುವುದು ಮನೆಕೂಟಗಳ ಹಳೆಯ ಪದ್ಧತಿ. 1670ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಸಭಾಪಾಲಕರು ತಮ್ಮ ಮನೆಯಲ್ಲಿ ಇಂಥ ಕೂಟವನ್ನು ಆರಂಭಿಸಿದರು. ಅದೇ ರೂಢಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲಿ 'ಸ್ಟುಂಡ', ಅಂದರೆ ತಾಸು, ಎಂಬ ಹೆಸರಿನಲ್ಲಿ ಬೇರೂರಿತು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಬೇರು ಇದ್ದದ್ದು ಆ ಬಗೆಯ ಭಕ್ತಿಯಲ್ಲಿಯೇ. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಕೂಟಗಳಿಗೆಂದು ಬರೆದ ನಿಯಮಗಳಲ್ಲಿ, ಗೊತ್ತಾದ ಹೊತ್ತಿಗೆ ಸರಿಯಾಗಿ ಆರಂಭಿಸಬೇಕೆಂದೂ, ಕೂಟದಲ್ಲಿ ಒಬ್ಬರು ತಮ್ಮ ಸ್ಥಿತಿಯನ್ನು ಮೊದಲು ಹೇಳಿಕೊಂಡು ಆಮೇಲೆ ಉಳಿದವರನ್ನು ಕೇಳಬೇಕೆಂದೂ ಇದೆ. ನಿಮ್ಮ ಹನ್ನೊಂದರಲ್ಲಿ ಮೊದಲಿನದು ಎರಡು ಸಲ ಬಂದಿದೆ, ಎರಡನೆಯದು ಎಲ್ಲಿಯೂ ಇಲ್ಲ. ವೆಸ್ಲಿಯವರ ಆ ಕೂಟಗಳಲ್ಲಿ ಗಂಡಸರೂ ಹೆಂಗಸರೂ ಬೇರೆ ಬೇರೆ ಕೂರುತ್ತಿದ್ದರೆಂಬುದೂ ಗಮನಿಸತಕ್ಕದ್ದು. ಬಂಗಾರ ಒತ್ತೆ ಬಿದ್ದ ಸಂಗತಿಯನ್ನು ಹದಿನಾಲ್ಕು ಜನರ ಮುಂದೆ ಹೇಳಬೇಕಾಗಿ ಬಂದದ್ದೇ ಸರಿಯಲ್ಲ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಎಂದು ಯಾಕೋಬನ ಪತ್ರಿಕೆ 5:16 ಹೇಳುತ್ತದೆ, ನಿಜ. ಆದರೆ ಅಲ್ಲಿ ಇರುವುದು ತಮ್ಮ ತಮ್ಮ ಪಾಪ, ಗಂಡನದಲ್ಲ, ನೆರೆಮನೆಯವರದಲ್ಲ. ವಾಕ್ಯದ ನಂತರ ಹದಿನೈದು ನಿಮಿಷ ಮೂವರು ಹೆಂಗಸರು ಒಳಮನೆಯಲ್ಲಿ, ಮೂವರು ಪಡಸಾಲೆಯಲ್ಲಿ ಕೂರುವಂತಾದರೆ ಭಾರವಾದ ಮಾತಿಗೂ ಜಾಗ ಸಿಗುತ್ತದೆ. ಆಗಲೂ ಯಾರಾದರೂ ಏನಾದರೂ ಹೇಳಿಕೊಂಡರೆ, "ಇದನ್ನು ಎಲ್ಲೀತನಕ ಹೇಳಬಹುದು?" ಎಂದು ಅವರನ್ನೇ ಕೇಳುವುದನ್ನು ರೂಢಿ ಮಾಡಿ. 'ಇಲ್ಲಿಗೆ ಸಾಕು' ಎಂದರೆ ಸಭಾಪಾಲಕರಿಗೂ ಹೇಳುವಂತಿಲ್ಲ.

ಇದಕ್ಕೆ ಹೊರತಾದ ಸಂಗತಿಗಳಿವೆ, ಅವುಗಳಲ್ಲಿ ಮೃದುವಾಗಬೇಡಿ. ಹೆಣ್ಣುಮಗಳು ಪೆಟ್ಟು ತಿನ್ನುತ್ತಿದ್ದರೆ ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಲು ಜೊತೆ ನಿಲ್ಲಿ. ಯಾರಾದರೂ ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. 'ಸಭೆಯ ಮಾನ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನು ಕಾಕಾ ಅವರ ವಿಷಯ. ಪೌಲನಂಥ ಪೌಲನೇ ಮಧ್ಯರಾತ್ರಿಯವರೆಗೆ ಮಾತನಾಡಿದಾಗ ಒಬ್ಬ ಯೌವನಸ್ಥ ತೂಕಡಿಸಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದನೆಂದು ಅಪೊಸ್ತಲರ ಕೃತ್ಯಗಳಲ್ಲಿದೆ, ಆದ್ದರಿಂದ ಇದು ನಿಮ್ಮ ಕೂಟದ ಹೊಸ ರೋಗವೇನಲ್ಲ. ಅವರಿಗೆ ಸಭೆಯ ಮುಂದೆ ಹೇಳಬೇಡಿ. ಮತ್ತಾಯ 18:15 ಹೇಳುವಂತೆ ಇಬ್ಬರೇ ಇರುವಾಗ, ವಯಸ್ಸಿಗೆ ತಕ್ಕ ಮರ್ಯಾದೆಯಿಂದ, "ಕಾಕಾ, ಹೆಣ್ಣುಮಕ್ಕಳ ಬಾಯಿ ತೆರೆಸೂದು ನಿಮ್ಮ ಕೈಯಾಗದ" ಎಂದು ಕೇಳಿ. ಕೀರ್ತನೆ ಓದುವ ಕೆಲಸ ಅವರದಾಗಲಿ, ವಾಕ್ಯದ ಮೇಲೆ ಮೊದಲು ಉಳಿದವರು ಒಂದೊಂದು ಮಾತು ಆಡಲಿ, ಕೊನೆಯ ಹತ್ತು ನಿಮಿಷ ಅವರಿಗಿರಲಿ. ನಿಮ್ಮ ಪತ್ರದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ನೀವು ದೂರಾಗಿ ಬರೆದಿಲ್ಲ: ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಅಡುಗೆಮನೆ ಬಾಗಿಲ ಬಳಿ ಚಾಪೆ. ಅಲ್ಲಿ ಕುಳಿತವರ ಒಂದು ಕಿವಿ ಯಾವಾಗಲೂ ಒಲೆಯ ಮೇಲಿನ ಚಹಾದ ಕಡೆಗೇ ಇರುತ್ತದೆ. ಎಲ್ಲರಿಗೂ ಜಮಖಾನ ಹಾಸಿ, ಮೊಣಕಾಲು ನೋವಿದ್ದವರಿಗಷ್ಟೇ ಕುರ್ಚಿ ಕೊಡಿ, ಚಹಾ ಆಮೆನ್ ಆದ ಮೇಲೆಯೇ ಒಲೆಗೇರಲಿ. ಮಿರ್ಚಿ ಭಜಿ, ಗಿರಮಿಟ್ಟು, ಕೇಕು ಎಂದು ಮನೆಯಿಂದ ಮನೆಗೆ ಏರುತ್ತ ಹೋದ ತಿಂಡಿಯನ್ನೂ ಚಹಾ ಮತ್ತು ಚೂಡಾಕ್ಕೆ ಇಳಿಸಿ. ಇಬ್ಬರು ಸರದಿ ತಪ್ಪಿಸಿಕೊಳ್ಳುತ್ತಿರುವುದಕ್ಕೆ ನೀವು ಊಹಿಸಿರುವ 'ಭಕ್ತಿಯ ಕೊರತೆ' ಕಾರಣವಿರಲಾರದು, ತಿಂಗಳ ಕೊನೆ ಇರಬಹುದು.

ಕೂಟದ ಮಾತು ಹೊರಗೆ ಹೋಗುವ ಜಾಗ ಯಾವುದೆಂದು ಕೇಳಿದರೆ, ನಾನು ಕಂಡ ಮಟ್ಟಿಗೆ, ವಾಟ್ಸ್ಆ್ಯಪ್‌ಗಿಂತ ಮೊದಲೂ ಅದು ಹೊರಬಾಗಿಲೇ ಆಗಿತ್ತು. ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಇಬ್ಬರು ಹಿಂದೆ ಉಳಿದು, "ಪ್ರಾರ್ಥನಾ ಮಾಡಾಕ ಅಂತ ಹೇಳ್ತೀನಿ, ಮತ್ತ" ಎಂದು ಶುರುಮಾಡುತ್ತಾರೆ. ಅಲ್ಲಿ ನಿಮ್ಮ ಎದುರಿಗೇ ಅದು ನಡೆದಾಗ ಉಪದೇಶ ಬೇಡ. "ಅದನ್ನ ಅವರ ಬಾಯಿಂದನ ಕೇಳೂಣು, ಅಕ್ಕಾರ" ಎಂದು ಹೇಳಿ ಗೇಟಿನ ಕಡೆಗೆ ನಡೆಯಿರಿ.

ಕೂಟ ನಿಲ್ಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಆದರೆ ಆ ಸಹೋದರಿ ಮರಳಿ ಬರುತ್ತಾರೆಂಬ ಭರವಸೆಯನ್ನು ನಾನು ಕೊಡಲಾರೆ, ಅವರು ಬಂದರೆ ಮಾತ್ರ ಕ್ಷಮೆ ಕೇಳಿದ್ದು ಸಾರ್ಥಕ ಎಂದು ನೀವೂ ಲೆಕ್ಕ ಹಾಕಬೇಡಿ. ಫೋನ್ ಈ ಶುಕ್ರವಾರಕ್ಕಿಂತ ಮೊದಲೇ ಮಾಡಿ. ಎತ್ತದಿದ್ದರೆ ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿ, ಆಗಲೂ ಎತ್ತದಿದ್ದರೆ ಕೈಯಿಂದ ಒಂದು ಚೀಟಿ ಬರೆದು ಮಡಚಿ ನೀವೇ ಅವರ ಕೈಗೆ ಕೊಟ್ಟು ಬನ್ನಿ. ಮಕ್ಕಳ ಕೈಯಲ್ಲಿ ಕಳಿಸಬೇಡಿ.